ಇನ್ನೊಂದು ಸೆಕ್ಷನ್

ನನಗೆ ಬೆನ್ನ ಹಿಂದೆ ‘ನಾಳೆ ಮೇಡಂ’ ಎಂಬ ಹೆಸರಿದೆ. ಅದು ನನ್ನ ಕಿವಿಗೆ ಬಿದ್ದಿಲ್ಲ ಎಂದು ಆಸ್ಪತ್ರೆಯ ಮಂದಿ ತಿಳಿದಿದ್ದಾರೆ. ಇಪ್ಪತ್ತೊಂಬತ್ತು ವರ್ಷ ಒಂದೇ ಕಟ್ಟಡದ ನೆಲಮಾಳಿಗೆಯಲ್ಲಿ ಕೂತವಳ ಕಿವಿಗೆ ಏನು ತಾನೇ ಬೀಳುವುದಿಲ್ಲ? ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಒಳ್ಳೆಯ ಗಂಟು, ಇದು ಕೆಟ್ಟ ಗಂಟು ಎಂದು ಬರೆದುಕೊಡುವುದು ನನ್ನ ಕೆಲಸ. ಮೇಲಿನ ಮಹಡಿಯಲ್ಲಿ ಆಪರೇಷನ್ ನಡೆಯುತ್ತಿರುವಾಗಲೇ ಸರ್ಜನ್‌ಗಳು ಒಂದು ಚೂರು ಕಳಿಸಿ ಈಗಲೇ ಹೇಳಿ ಎಂದು ಪ್ರಾಣ ತಿನ್ನುತ್ತಾರೆ. ಅನುಮಾನವಿದ್ದರೆ ನಾನು ಹೇಳುವುದಿಲ್ಲ, ನಾಳೆ ಹೇಳುತ್ತೇನೆ ಎನ್ನುತ್ತೇನೆ. ನಾಳೆ ಎಂದರೆ ನಾಳೆಯೇ ಅಲ್ಲ, ಎಂಟು ಹತ್ತು ದಿನ. ಚೂರನ್ನು ಮೇಣದಲ್ಲಿ ಹುದುಗಿಸಿ, ನಿಧಾನವಾಗಿ ಕತ್ತರಿಸಿ, ಬಣ್ಣ ಹಾಕಿ ನೋಡುವ ತನಕ. ಸರ್ಜನ್‌ಗಳಿಗೆ ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಹಾಗೆ ಕಂಡರೆ ಕಾಣಲಿ ಎಂದು ನಾನೂ ಸೊಪ್ಪು ಹಾಕಿದವಳಲ್ಲ. ಆ ಹೆಸರಿಗೆ ತಕ್ಕಂತೆ ನಡೆದುಕೊಳ್ಳದೇ ಹೋದದ್ದು ಒಂದೇ ಒಂದು ದಿನ. ಆ ದಿನದ ಸಂಗತಿ ಇದು.

ನಮ್ಮ ಲ್ಯಾಬಿನಲ್ಲಿ ಚೂರುಗಳನ್ನು ಕತ್ತರಿಸುವ ಟೆಕ್ನಿಷಿಯನ್‌ಗೆ ಎಲ್ಲರೂ ಸಿಪ್ಪೆಯಣ್ಣ ಎನ್ನುತ್ತಿದ್ದರು. ಮೈಕ್ರೋಸ್ಕೋಪಿನಲ್ಲಿ ನೋಡಬೇಕಾದರೆ ಚೂರನ್ನು ಬೆಳಕು ಹಾಯುವಷ್ಟು ತೆಳ್ಳಗೆ ಕತ್ತರಿಸಬೇಕು. ಆ ತೆಳು ಹಾಳೆಗೆ ನಾವು ಸೆಕ್ಷನ್ ಎನ್ನುತ್ತೇವೆ. ಈರುಳ್ಳಿಯ ಒಳಸಿಪ್ಪೆಯನ್ನು ಬೆಳಕಿಗೆ ಹಿಡಿದು, ಇದು ನನ್ನ ಕೆಲಸದ ಮುಂದೆ ಕಂಬಳಿ ಎಂದು ಅವನು ಹೊಸಬರಿಗೆ ಹೇಳುತ್ತಿದ್ದ. ಹೆಸರು ಹುಟ್ಟಿದ್ದು ಹಾಗೆ. ಆಸ್ಪತ್ರೆಯಲ್ಲಿ ಬೇರೆಯವರಿಗೆಲ್ಲ ನಾನು ಮೇಡಂ, ಅವನಿಗೆ ಮಾತ್ರ ಅಕ್ಕ. ನನಗಿಂತ ಆರು ವರ್ಷ ಚಿಕ್ಕವನು. ಇಪ್ಪತ್ತಾರು ವರ್ಷ ನಾನು ನೋಡಿದ್ದೆಲ್ಲ ಅವನು ಕತ್ತರಿಸಿಕೊಟ್ಟದ್ದೇ. ನನ್ನ ಕಣ್ಣು ಚುರುಕು ಎಂದು ಯಾರಾದರೂ ಹೊಗಳಿದರೆ, ಅದರಲ್ಲಿ ಮುಕ್ಕಾಲು ಅವನ ಬೆರಳುಗಳಿಗೆ ಸೇರಬೇಕಾದ್ದು. ಇದನ್ನು ನಾನು ಅವನಿಗೆ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೊಗಳಿದರೆ ತಲೆ ಮೇಲೆ ಕೂರುತ್ತಾನೆ ಎಂದು ಹೇಳಿಕೊಂಡು ನನ್ನ ಜಿಪುಣತನವನ್ನು ಮುಚ್ಚಿಕೊಂಡಿದ್ದೆ.

ಅವನು ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ, ಬಲಗೈ ಚಾಚಿದ.

“ಅಕ್ಕ, ಇಲ್ಲೊಂದು ಗಂಟಿದೆ, ನೋಡಿ. ನಮ್ಮ ಬೀದಿ ಡಾಕ್ಟ್ರು ಕೊಬ್ಬಿನ ಗಂಟು ಅಂತಾರೆ. ಎರಡು ವರ್ಷದಿಂದ ಇದೆ.”

“ನಿನ್ನ ಮೈಯಲ್ಲಿ ಕೊಬ್ಬೆಲ್ಲಿದೆಯೋ? ಇರೋದೆಲ್ಲ ಬಾಯಲ್ಲೇ.”

ನಗುತ್ತಲೇ ತೋಳಿನ ಒಳಮೈ ಮುಟ್ಟಿದೆ. ಮೊಣಕೈಯಿಂದ ನಾಲ್ಕು ಬೆರಳು ಮೇಲೆ, ಒಳಗೆ, ಗೋಲಿಗಿಂತ ದೊಡ್ಡದು. ಅತ್ತಿತ್ತ ಸರಿಸಿದರೆ ಸರಿಯುತ್ತಿತ್ತು. ಮೇಲೆ ಕೆಳಗೆ ತಳ್ಳಿದರೆ ಜಗ್ಗಲಿಲ್ಲ. ಬೆರಳಿನಿಂದ ಅದರ ಮೇಲೆ ಮೆಲ್ಲಗೆ ತಟ್ಟಿದೆ. ಅವನು ಕೈ ಝಾಡಿಸಿದ.

“ಹೆಬ್ಬೆರಳು ಜುಂ ಅಂತು. ಕರೆಂಟ್ ಹೊಡೆದ ಹಾಗೆ.”

ನನ್ನ ನಗು ಅಲ್ಲಿಗೇ ನಿಂತಿತು. ಕೊಬ್ಬಿನ ಗಂಟು ಎಲ್ಲ ದಿಕ್ಕಿಗೂ ಜಾರುತ್ತದೆ. ಅಡ್ಡಕ್ಕೆ ಮಾತ್ರ ಜಾರಿ ಉದ್ದಕ್ಕೆ ಜಾರದಿದ್ದರೆ ಅದು ನರದ ಮೇಲೆ ಕೂತಿದೆ ಎಂದರ್ಥ. ಆ ನರ ಹೆಬ್ಬೆರಳಿಗೆ, ತೋರುಬೆರಳಿಗೆ, ನಡುಬೆರಳಿಗೆ ಹೋಗುವ ದೊಡ್ಡ ನರ. ಚಿಮಟ ಹಿಡಿಯುವುದು, ಕುಂಚ ಹಿಡಿಯುವುದು, ಬೆರಳ ತುದಿಯಲ್ಲಿ ತಂಪು ಬಿಸಿ ಗೊತ್ತಾಗುವುದು, ಎಲ್ಲವೂ ಅದರಿಂದಲೇ. ಅಂದರೆ ಅವನ ಕಸುಬೆಲ್ಲ ಆ ಒಂದು ನರದಲ್ಲಿತ್ತು.

ಸ್ಕ್ಯಾನ್ ಆಯಿತು. ಸೂಜಿ ಹಾಕಿ ತೆಗೆದು ನೋಡಿದರೆ ಬರೀ ಹಳದಿ ನೀರು, ನಾಲ್ಕು ಜೀವಕೋಶ. ಏನೂ ಹೇಳಲು ಬರುವಂತಿರಲಿಲ್ಲ. ನರದ ಆಪರೇಷನ್ ಮಾಡುವ ಸರ್ಜನ್ ಅವನನ್ನೂ ಅವನ ಹೆಂಡತಿಯನ್ನೂ ನನ್ನನ್ನೂ ಕೂರಿಸಿಕೊಂಡು ಹಾಳೆಯ ಮೇಲೆ ಚಿತ್ರ ಬರೆದರು. ಈ ಸರ್ಜನ್‌ಗೆ ಗಡಿಬಿಡಿ ಡಾಕ್ಟರ್ ಎಂದೇ ಹೆಸರು. ಚಿತ್ರವನ್ನೂ ಗಡಿಬಿಡಿಯಲ್ಲೇ ಗೀಚಿದರು.

“ನರ ಅಂದ್ರೆ ಒಂದು ಹೊದಿಕೆಯೊಳಗೆ ನೂರಾರು ಎಳೆ. ಈ ಗಂಟು ಹೊದಿಕೆಯದ್ದು, ಎಳೆಗಳದ್ದಲ್ಲ. ಇದು ಅಪರೂಪ, ಆದ್ರೆ ನೂರಕ್ಕೆ ತೊಂಬತ್ತು ಒಳ್ಳೇದೇ ಇರುತ್ತೆ. ಒಳ್ಳೇದಾದ್ರೆ ಎಳೆಗಳನ್ನ ಪಕ್ಕಕ್ಕೆ ಸರಿಸಿ, ಬಟಾಣಿ ಸುಲಿದ ಹಾಗೆ ಗಂಟು ಮಾತ್ರ ಹೊರಗೆ ತೆಗೀತೀನಿ. ಕೈಗೆ ಏನೂ ಆಗಲ್ಲ.”

“ಕೆಟ್ಟದ್ದಾದ್ರೆ?” ಹೆಂಡತಿ ಕೇಳಿದಳು.

“ಕೆಟ್ಟದ್ದಾದ್ರೆ ನರದ ಸಮೇತ ತೆಗೀಬೇಕು, ಮೇಲೆ ಕೆಳಗೆ ಇಷ್ಟಿಷ್ಟು ಸೇರಿಸಿ. ಇಲ್ಲ ಅಂದ್ರೆ ಜೀವಕ್ಕೇ ಬರುತ್ತೆ. ಇತ್ತೀಚೆಗೆ ಬೇಗ ದೊಡ್ಡದಾಗಿದೆ, ನೋವೂ ಇದೆ. ಅದಕ್ಕೇ ಸ್ವಲ್ಪ ಯೋಚನೆ. ಆಪರೇಷನ್ ಮಧ್ಯೆ ಒಂದು ಚೂರು ಮೇಡಂಗೆ ಕಳಿಸ್ತೀನಿ. ಅವರು ಏನಂತಾರೋ ಹಾಗೆ.”

ಮೂವರೂ ನನ್ನ ಕಡೆ ನೋಡಿದರು. ಸಿಪ್ಪೆಯಣ್ಣ ಮುಗುಳ್ನಗುತ್ತಿದ್ದ. ಅವನಿಗೆ ಗೊತ್ತಿತ್ತು, ನಾನು ಏನು ಹೇಳುವವಳು ಎಂದು. ಆ ಸಂಜೆ ಲ್ಯಾಬಿನಲ್ಲಿ ಬಂದು ನನ್ನ ಮೇಜಿನ ಎದುರು ನಿಂತ.

“ಅಕ್ಕ, ನಂಗೆ ಮಾತ್ರ ನಾಳೆ ಅನ್ಬೇಡಿ.”

“ಅನುಮಾನ ಬಂದ್ರೆ ಅನ್ನಲೇಬೇಕಲ್ಲೋ.”

“ಇಪ್ಪತ್ತಾರು ವರ್ಷದಿಂದ ಆ ಕೌಂಟರ್ ಹತ್ರ ರಿಪೋರ್ಟಿಗೆ ಕಾಯೋರ ಮುಖ ನೋಡಿದೀನಿ. ಹತ್ತು ದಿನ ನಾನು ಆ ಮುಖ ಇಟ್ಕೊಂಡು ಕೂರಕ್ಕಾಗಲ್ಲ. ಮತ್ತೆ ಎರಡನೇ ಸಲ ಮಲಗಿಸಿ ಕುಯ್ಯೋದು ಬೇರೆ. ಒಂದೇ ಸಲ ಮುಗ್ಸಿ. ಏನಾದ್ರೂ ಸರಿ, ಅವತ್ತೇ ಹೇಳಿಬಿಡಿ.”

ಸರಿ ಕಣೋ ಎಂದೆ. ಹಾಗೆ ಮಾತು ಕೊಡುವ ಹಕ್ಕು ನನಗಿರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ಏನು ಕಾಣುತ್ತದೆ ಎಂಬುದು ನಾನು ಕೊಡುವ ಮಾತಿಗೆ ಕಾದು ಕೂತಿರುವುದಿಲ್ಲ. ಆದರೂ ಅಂದೆ.

ಅವನ ತಲೆಯಲ್ಲಿ ಇನ್ನೊಂದು ಚಿಂತೆಯಿತ್ತು. ಆಪರೇಷನ್ ದಿನ ಅವನು ಮೇಜಿನ ಮೇಲೆ ಮಲಗಿದ್ದರೆ ಅವನ ಚೂರನ್ನು ಕತ್ತರಿಸುವವರು ಯಾರು? ರಕ್ತ ಪರೀಕ್ಷೆಯ ವಿಭಾಗದಲ್ಲಿ ಒಬ್ಬಾಕೆ ಇದ್ದಾರೆ, ನಿವೃತ್ತಿಗೆ ನಾಲ್ಕು ವರ್ಷ ಇರುವವರು. ಎಲ್ಲರಿಗೂ ಅವರು ರಕ್ತದಮ್ಮ. ಬಾಯಿ ಮೆತ್ತಗೆ, ಕೈ ಅದಕ್ಕಿಂತ ಮೆತ್ತಗೆ. ಅವನು ಅವರನ್ನು ಹಿಡಿದು ಎರಡು ವಾರ, ದಿನವೂ ಸಂಜೆ ಒಂದು ಗಂಟೆ, ಚಳಿಪೆಟ್ಟಿಗೆಯ ಮುಂದೆ ಕೂರಿಸಿದ. ಚಳಿಪೆಟ್ಟಿಗೆ ಎಂದು ನಾವು ಕರೆಯುವುದು ಚೂರನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಕತ್ತರಿಸುವ ಯಂತ್ರವನ್ನು. ಮೊದಲು ಒರಟಾಗಿ ಕತ್ತರಿಸಿ ಮೇಲ್ಮೈ ಸಮ ಮಾಡಿಕೊಳ್ಳಬೇಕು. ಆಮೇಲೆ ಪಕ್ಕದ ಗುಂಡಿ ತಿರುಗಿಸಿ ತೆಳ್ಳನೆಯ ಅಳತೆಗೆ ತರಬೇಕು. ಆಮೇಲಷ್ಟೇ ನಿಜವಾದ ಸೆಕ್ಷನ್.

“ಗುಂಡಿ ಮರೀಬೇಡಿ ಅಮ್ಮ,” ಎನ್ನುತ್ತಿದ್ದ. “ಮರೆತ್ರೂ ಚಿಂತೆಯಿಲ್ಲ, ಇನ್ನೊಂದು ಕುಯ್ಕೊಳ್ಳಿ. ಮೊದಲನೇದು ನಂಬಬೇಡಿ. ನಾನು ಇವತ್ತಿಗೂ ಮೊದಲನೇದು ನಂಬಲ್ಲ.”

ರಕ್ತದಮ್ಮ ಉಸಿರು ಬಿಗಿಹಿಡಿದು ಕಲಿತರು. ಹದಿನೈದನೆಯ ದಿನಕ್ಕೆ ಅವರ ಸೆಕ್ಷನ್ ನೋಡಿ ಅವನು, “ಅಮ್ಮ, ನನ್ನ ಅನ್ನಕ್ಕೆ ಕಲ್ಲು ಹಾಕ್ತೀರಾ ನೀವು,” ಎಂದ. ಅವರು ಹುಡುಗಿಯ ಹಾಗೆ ನಾಚಿಕೊಂಡರು.

ಆ ದಿನ ಬೆಳಿಗ್ಗೆ ಹತ್ತೂಕಾಲಕ್ಕೆ ಚೂರು ಬಂತು. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ, ಕಡಲೆಬೇಳೆಯಷ್ಟು, ಹಳದಿ ಬಣ್ಣಕ್ಕೆ ತಿರುಗಿದ್ದ ತುಂಡು. ಪುಟ್ಟ ಡಬ್ಬಿಯ ಮೇಲೆ ಅವನ ಹೆಸರು ಬರೆದಿತ್ತು. ಇಪ್ಪತ್ತಾರು ವರ್ಷ ಅಂಥ ಡಬ್ಬಿಗಳ ಮೇಲೆ ಹೆಸರು ಬರೆದವನ ಹೆಸರು. ಅದನ್ನು ಓದಿ ಡಬ್ಬಿಯನ್ನು ರಕ್ತದಮ್ಮನ ಕೈಗೆ ಕೊಟ್ಟೆ.

ರಕ್ತದಮ್ಮ ಚೂರನ್ನು ಯಂತ್ರದಲ್ಲಿ ಇಟ್ಟರು. ಹೆಪ್ಪುಗಟ್ಟಲು ಬಿಟ್ಟರು. ಒರಟಾಗಿ ನಾಲ್ಕು ಸಲ ಕತ್ತರಿಸಿ ಮೇಲ್ಮೈ ಸಮ ಮಾಡಿದರು. ಅಲ್ಲಿಗೆ ನಿಂತರು. ಕುಂಚ ಎತ್ತಿಕೊಂಡರು, ಇಟ್ಟರು, ಮತ್ತೆ ಎತ್ತಿಕೊಂಡರು. ಕಣ್ಣಲ್ಲಿ ನೀರು.

“ಒಂದು ನಿಮಿಷ ಮೇಡಂ. ಒಂದೇ ನಿಮಿಷ ಕೊಡಿ.”

ಅವರಿಗೆ ಒಂದು ನಿಮಿಷ ಕೊಡಲು ನನ್ನ ಕೈಲಾಗಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹೆದರಿದಾಗ ಅದು ಇನ್ನೂ ಮುಂದೆ ಬರುತ್ತದೆ. ನನ್ನ ಸಿಟ್ಟೆಲ್ಲ ಹೆದರಿಕೆಯೇ ಎಂದು ಈ ವಯಸ್ಸಿನಲ್ಲಿ ಅರ್ಥವಾಗಿ ಏನು ಉಪಯೋಗ?

“ಏಳಿ, ನಾನೇ ಮಾಡ್ತೀನಿ.”

“ಮೇಡಂ, ಆ ಗುಂಡಿ...”

“ನೀವು ಸುಮ್ನಿರಿ. ನೀವು ಸೂಜಿ ಹಿಡಿಯೋ ಮುಂಚಿನಿಂದ ಇದನ್ನ ನೋಡಿದೀನಿ.”

ಅವರು ಹೇಳಿದ್ದು ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪೂರ್ತಿ ಕೇಳಿಸಿಕೊಳ್ಳುವ ವ್ಯವಧಾನ ತಂದುಕೊಳ್ಳಲಿಲ್ಲ, ಅಷ್ಟೇ. ನೋಡಿದ್ದೇನೆ ಎಂದೆನಲ್ಲ, ಅದು ನಿಜ. ನೋಡಿದ್ದೆ. ಮಾಡಿ ಹದಿನೆಂಟು ವರ್ಷವಾಗಿತ್ತು. ಚಕ್ರ ತಿರುಗಿಸಿದೆ. ಹಾಳೆ ಬಂತು. ಕುಂಚದಿಂದ ಎಳೆದೆ, ಗಾಜಿನ ಮೇಲೆ ಹಿಡಿದೆ. ಒಂದು ಕಡೆ ಮಡಿಕೆ ಬಿದ್ದಿತ್ತು. ಇರಲಿ ಎಂದುಕೊಂಡೆ. ರಕ್ತದಮ್ಮ ಗೋಡೆಗೊರಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಎದುರು ಎರಡನೆಯದನ್ನು ಕತ್ತರಿಸಲು ನನಗೆ ಮನಸ್ಸಾಗಲಿಲ್ಲ. ಈಗ ಏಳಿ ಎಂದು ಎಬ್ಬಿಸಿ, ಮರುಕ್ಷಣವೇ ನಾನೂ ತಪ್ಪಿದೆ ಎಂದು ತೋರಿಸಿಕೊಳ್ಳುವುದೇ?

ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ.

ಇಲ್ಲಿ ಒಂದು ಮಾತು ಹೇಳಬೇಕು. ನರದ ಹೊದಿಕೆಯ ಗಂಟು ಹಳೆಯದಾದರೆ, ಒಳ್ಳೆಯದಾಗಿದ್ದರೂ ನೋಡಲು ಭೀಕರವಾಗಿರುತ್ತದೆ. ಜೀವಕೋಶಗಳ ಒಳಗಿನ ಬೀಜಗಳು ಊದಿಕೊಂಡು, ಕಪ್ಪಾಗಿ, ಆಕಾರಗೆಟ್ಟು ಕ್ಯಾನ್ಸರಿನ ವೇಷ ಹಾಕುತ್ತವೆ. ಅದು ಬರೀ ಮುಪ್ಪು, ಕೇಡಲ್ಲ. ಹಳೇ ಗಂಟು ಹೆದರಿಸುತ್ತೆ, ಹೆದರಬೇಡಿ, ಜೀವಕೋಶ ಒಡೆದು ಎರಡಾಗ್ತಿದೆಯಾ ಅಂತ ಹುಡುಕಿ ಎಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದವಳು ನಾನೇ. ಆದರೆ ನನ್ನ ಸೆಕ್ಷನ್ ದಪ್ಪವಾಗಿತ್ತು. ಗುಂಡಿ ಒರಟು ಅಳತೆಯಲ್ಲೇ ನಿಂತಿತ್ತು. ದಪ್ಪ ಸೆಕ್ಷನ್‌ನಲ್ಲಿ ಜೀವಕೋಶಗಳು ಒಂದರ ಮೇಲೊಂದು ಬಿದ್ದು ಕಿಕ್ಕಿರಿದಂತೆ ಕಾಣುತ್ತವೆ. ಕಪ್ಪಗಿದ್ದದ್ದು ಇನ್ನೂ ಕಪ್ಪಾಗುತ್ತದೆ. ಜಜ್ಜಿಹೋದ ಒಂದು ಬೀಜ ನನ್ನ ಕಣ್ಣಿಗೆ ಒಡೆಯುತ್ತಿರುವ ಜೀವಕೋಶವಾಗಿ ಕಂಡಿತು. ಅದನ್ನೇ ನೋಡುತ್ತ ಕೂತೆ. ಇವನ ಮೈಯಲ್ಲಿ ಇದನ್ನು ಒಳ್ಳೆಯದು ಎಂದುಬಿಟ್ಟು, ನಾಳೆ ಇದೇ ಅವನನ್ನು ನುಂಗಿದರೆ? ಬೇರೆ ಯಾರದೇ ಆಗಿದ್ದರೂ ನಾಳೆ ಎನ್ನುತ್ತಿದ್ದೆ. ಎದೆ ಮುಟ್ಟಿ ಹೇಳುತ್ತೇನೆ, ಕಂಡರಿಯದ ಒಬ್ಬ ಮನುಷ್ಯ ಆ ಮೇಜಿನ ಮೇಲೆ ಮಲಗಿದ್ದರೆ ಅವನ ಕೈ ಉಳಿಯುತ್ತಿತ್ತು.

ಗೋಡೆಯ ಫೋನು ಬಡಿದುಕೊಂಡಿತು.

“ಏನನ್ಸುತ್ತೆ ಮೇಡಂ?”

“ಕೆಟ್ಟದ್ದು.”

ಆ ಕಡೆ ಯಂತ್ರವೊಂದು ಟಿಕ್ ಟಿಕ್ ಎನ್ನುತ್ತಿತ್ತು. ಅದು ಅವನ ಎದೆಬಡಿತ.

“ಖಾತ್ರಿನಾ? ಇಲ್ಲಿ ಎಳೆಗಳು ಗಂಟಿಗೆ ಅಂಟಿಕೊಂಡಿವೆ ನಿಜ. ಆದ್ರೂ ನೀವು ಕಾಯಿರಿ ಅಂದ್ರೆ ಮುಚ್ಚಿ ಕಾಯ್ತೀನಿ. ನಿಮ್ಮ ನಾಳೆಗೆ ಇವತ್ತು ನಾನು ಬೇಜಾರು ಮಾಡ್ಕೊಳ್ಳಲ್ಲ.”

ಗಡಿಬಿಡಿ ಡಾಕ್ಟರ್ ಆ ಒಂದು ದಿನ ಗಡಿಬಿಡಿ ಮಾಡಲಿಲ್ಲ. ಮಾಡಿದ್ದು ನಾನು.

“ಖಾತ್ರಿ. ಒಂದೇ ಸಲ ಮುಗ್ಸಿ.”

“ಹಾಗಾದ್ರೆ ನರ ಉಳಿಯಲ್ಲ.”

“ಗೊತ್ತು.”

ಫೋನಿಟ್ಟು ತಿರುಗಿದರೆ ರಕ್ತದಮ್ಮ ಗೋಡೆಯಿಂದ ಕದಲಿರಲಿಲ್ಲ. ಯಂತ್ರದೊಳಗೆ ಚೂರಿನ ಮುಕ್ಕಾಲು ಭಾಗ ಹಾಗೇ ಉಳಿದಿತ್ತು.

ಮರುದಿನ ವಾರ್ಡಿಗೆ ಹೋದೆ. ಅವನ ತೋಳಿಗೆ ಮೊಣಕೈಯ ಕೆಳಗಿನ ತನಕ ಪಟ್ಟಿ ಸುತ್ತಿದ್ದರು. ಪಟ್ಟಿಯಿಂದಾಚೆ ಬೆರಳುಗಳು ಎಂದಿನಂತೆಯೇ ಇದ್ದವು, ಉಗುರಿನ ಅಂಚಿಗೆ ಲ್ಯಾಬಿನ ನೇರಳೆ ಬಣ್ಣ ಇನ್ನೂ ಅಂಟಿತ್ತು. ಅವನು ಹೆಬ್ಬೆರಳನ್ನು ಕಿರುಬೆರಳಿನ ಕಡೆಗೆ ತರಲು ನೋಡಿದ. ಬರಲಿಲ್ಲ. ಹಣೆಯ ಮೇಲೆ ಬೆವರು ಬಂತು, ಬೆರಳು ಬರಲಿಲ್ಲ. ಅವನ ಹೆಂಡತಿ ಒಂದು ಚಮಚದ ತುದಿಯಿಂದ ತೋರುಬೆರಳನ್ನು ಒತ್ತಿ, “ಗೊತ್ತಾಗುತ್ತಾ?” ಎಂದಳು. ಅವನು ಬೇರೆ ಕಡೆ ನೋಡುತ್ತಿದ್ದ. ಅವಳು ಒತ್ತಿದ್ದೇ ಅವನಿಗೆ ಗೊತ್ತಿರಲಿಲ್ಲ.

“ಇರಲಿ ಬಿಡಿ ಅಕ್ಕ,” ಎಂದ. “ಕೈ ಹೋದ್ರೂ ತಲೆ ಉಳೀತಲ್ಲ. ನೀವು ಅವತ್ತೇ ಹೇಳಿದ್ರಲ್ಲ, ಅದೇ ದೊಡ್ಡದು.”

“ಇವರು ಇನ್ಮೇಲೆ ಮನೇಲಿ ಈರುಳ್ಳಿ ಹೆಚ್ಚೋದರಿಂದ ತಪ್ಪಿಸ್ಕೊಂಡ್ರು, ಅಷ್ಟೇ,” ಎಂದು ಹೆಂಡತಿ ನಗಿಸಲು ನೋಡಿದಳು. ಮೂವರೂ ನಕ್ಕೆವು. ನಗುತ್ತ ನಗುತ್ತ ಅವಳು ಚಮಚ ತೊಳೆದುಕೊಂಡು ಬರುತ್ತೇನೆ ಎಂದು ಎದ್ದು ಹೋದವಳು ಬಹಳ ಹೊತ್ತು ಬರಲಿಲ್ಲ.

ಒಂಬತ್ತನೆಯ ದಿನ ಮೇಣದ ಸೆಕ್ಷನ್‌ಗಳು ನನ್ನ ಮೇಜಿಗೆ ಬಂದವು. ಕತ್ತರಿಸಿದ್ದು ರಕ್ತದಮ್ಮ. ಯಾರೂ ಎದುರಿಗಿಲ್ಲದಾಗ, ಬೆಳಿಗ್ಗೆ ಬೇಗ ಬಂದು, ನಾಲ್ಕು ಸಲ ಕೆಡಿಸಿ ಐದನೆಯದನ್ನು ಇಟ್ಟಿದ್ದರು. ತೆಳ್ಳಗೆ, ಸಮವಾಗಿ, ಒಂದು ಮಡಿಕೆ ಇಲ್ಲದೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಹತ್ತು ಸೆಕೆಂಡಿನಲ್ಲಿ ನನಗೆ ಗೊತ್ತಾಯಿತು. ಜೀವಕೋಶಗಳು ಅಸೆಂಬ್ಲಿಯಲ್ಲಿ ನಿಂತ ಶಾಲೆಯ ಮಕ್ಕಳ ಹಾಗೆ ಸಾಲುಸಾಲಾಗಿ ನಿಂತಿದ್ದವು. ನಡುನಡುವೆ ಹಳೆಯ ರಕ್ತದ ಕಲೆ, ದಪ್ಪಗಾದ ರಕ್ತನಾಳ, ಊದಿದ ಮುದಿ ಬೀಜಗಳು. ಪಾಠ ಮಾಡಲು ಎತ್ತಿಡಬಹುದಾದಂಥ ಒಳ್ಳೆಯ ಗಂಟು. ಬೇಗ ದೊಡ್ಡದಾದದ್ದು ಒಳಗೆ ರಕ್ತ ಒಸರಿ ಊದಿಕೊಂಡದ್ದರಿಂದ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಬಾಗಿಲು ಹಾಕಿಕೊಂಡು ಎರಡೂವರೆ ಗಂಟೆ ಆ ಹನ್ನೊಂದು ಸ್ಲೈಡುಗಳನ್ನು ಇಂಚಿಂಚು ಹುಡುಕಿದೆ. ಎಲ್ಲಾದರೂ ಒಂದು ಮೂಲೆಯಲ್ಲಿ ಕೆಟ್ಟದ್ದು ಸಿಗಲಿ ಎಂದು ಹುಡುಕಿದೆ. ಒಡಹುಟ್ಟಿದವನಂಥವನ ಮೈಯಲ್ಲಿ ಕ್ಯಾನ್ಸರ್ ಇರಲಿ, ದಯವಿಟ್ಟು ಇರಲಿ ಎಂದು ಹಾರೈಸುತ್ತ ಕೂತೆ. ಸಿಕ್ಕಿದ್ದರೆ ನಾನು ಬಚಾವಾಗುತ್ತಿದ್ದೆ. ಸಿಗಲಿಲ್ಲ. ಒಳ್ಳೆಯ ಗಂಟಾದರೆ ಮಾತ್ರ ಪೂರ್ತಿ ಕಂದಾಗುವ ವಿಶೇಷ ಬಣ್ಣಕ್ಕೆ ಕಳಿಸಿದೆ. ಮೂರು ದಿನದ ಮೇಲೆ ಅದೂ ಬಂತು. ಗಂಟಿನ ತುಂಬ ಅಂಚಿನಿಂದ ಅಂಚಿಗೆ ಕಂದು ಬಣ್ಣ ಹಿಡಿದಿತ್ತು. ಒಳ್ಳೆಯದು ಎಂಬುದಕ್ಕೆ ಇನ್ನು ಯಾರ ಸಾಕ್ಷಿಯೂ ಬೇಡವಾಗಿತ್ತು.

ರಿಪೋರ್ಟ್ ಬರೆದು ಸರ್ಜನ್ ಕೋಣೆಗೆ ನಾನೇ ಒಯ್ದೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕಾಲಿಂದ ನರ ತೆಗೆದು ಅಲ್ಲಿ ಕೂರ್ಸಿ ನೋಡಬಹುದು,” ಎಂದರು ಕೊನೆಗೆ. “ಆದ್ರೆ ಅಷ್ಟುದ್ದದ ಜಾಗ, ಅಷ್ಟು ಮೇಲೆ, ಈ ವಯಸ್ಸು. ಆಸೆ ಇಟ್ಕೊಳ್ಳೋ ಹಾಗಿಲ್ಲ. ಚಿಮಟ ಹಿಡಿಯೋದಂತೂ ದೂರದ ಮಾತು.”

“ಅವನಿಗೆ ಹೇಳಬೇಕು.”

“ಹೇಳೋಣ. ಕ್ಯಾನ್ಸರ್ ಅಲ್ಲವಂತೆ, ಒಳ್ಳೇ ಸುದ್ದಿ ಅಂತ ಹೇಳೋಣ. ಅದು ಸುಳ್ಳಲ್ಲವಲ್ಲ. ಅವತ್ತಿನ ಚೂರಲ್ಲಿ ಹಾಗೆ ಕಂಡಿತ್ತು, ಇಂಥವು ಆಗ್ತಾವೆ ಅನ್ನೋಣ. ಆಗ್ತಾವೆ ತಾನೆ?”

ಆಗುತ್ತವೆ ಎಂದೆ. ಪುಸ್ತಕಗಳಲ್ಲೂ ಹಾಗೇ ಬರೆದಿದೆ. ನುರಿತವರನ್ನೂ ಮೋಸಗೊಳಿಸುವ ಗಂಟು ಎಂದು ಒಂದು ಸಾಲು ಇದೆ. ಆ ಸಾಲನ್ನು ಹೊದ್ದುಕೊಂಡು ನಾನು ಸುಖವಾಗಿ ನಿವೃತ್ತಿಯ ತನಕ ಮಲಗಬಹುದಿತ್ತು.

ಎರಡು ದಿನ ಬಿಟ್ಟು ಗಂಡ ಹೆಂಡತಿ ನೇರ ನೆಲಮಾಳಿಗೆಗೆ ಬಂದರು. ಸರ್ಜನ್ ಆಗಲೇ ಸುದ್ದಿ ಹೇಳಿದ್ದರು. ಹೆಂಡತಿಯ ಮುಖ ಅರಳಿತ್ತು. ಕಳೆದ ಎರಡು ವಾರದಲ್ಲಿ ಅವಳು ಹತ್ತು ವರ್ಷ ಮುದುಕಿಯಾಗಿದ್ದಳು, ಆ ಬೆಳಿಗ್ಗೆ ಐದಾದರೂ ವಾಪಸ್ ಬಂದಿದ್ದವು. ಬಾಗಿಲ ಬಳಿಯ ಬೆಂಚಿನಲ್ಲಿ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಳು. ರಕ್ತದಮ್ಮ ಅವಳಿಗೆ ನೀರು ತರುವ ನೆಪದಲ್ಲಿ ಹೊರಗೆ ಹೋದರು. ಅವರು ಯಾರಿಗೂ ಏನೂ ಹೇಳಿರಲಿಲ್ಲ, ನನಗೂ ಒಂದು ಮಾತಾಡಿರಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಸಿಪ್ಪೆಯಣ್ಣ ನನ್ನೆದುರು ಕೂತ. ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪದು. ಹೊಸಬರಿಗೆ ಕಲಿಸುವಾಗ ಅವನು ಕೂರುತ್ತಿದ್ದುದೂ ಅಲ್ಲೇ. ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟುಕೊಂಡ.

“ತೋರ್ಸಿ ಅಕ್ಕ, ನನ್ನ ಗಂಟು ಹೇಗಿದೆ ಅಂತ ನಾನೂ ನೋಡ್ತೀನಿ.”

ಮೇಣದ ಸ್ಲೈಡ್ ಇಟ್ಟೆ. ಅವನು ನೋಡಿ, “ಆಹಾ, ಚೆನ್ನಾಗಿ ಕುಯ್ದಿದಾರೆ,” ಎಂದ. ಗಂಟಿನ ಬಗ್ಗೆ ಒಂದು ಮಾತಿಲ್ಲ. ಅವನು ಯಾವತ್ತೂ ಮೊದಲು ನೋಡುವುದು ಕತ್ತರಿಕೆಯನ್ನೇ.

“ಅವತ್ತಿಂದು ಎಲ್ಲಿ?”

“ಅದ್ಯಾಕೆ ಈಗ?”

“ಇರಲಿ, ಇಡಿ. ಅಷ್ಟು ಮೋಸ ಮಾಡಿದ್ದು ಹೇಗಿತ್ತು ನೋಡೋಣ.”

ಕಳೆದುಹೋಗಿದೆ ಎನ್ನಬಹುದಿತ್ತು. ಆದರೆ ಆ ಲ್ಯಾಬಿನಲ್ಲಿ ಅವನ ಕಾಲದಲ್ಲಿ ಒಂದು ಸ್ಲೈಡೂ ಕಳೆದಿಲ್ಲ. ತೆಗೆದಿಟ್ಟೆ. ಅವನು ಎಡಗೈಯನ್ನು ಅಡ್ಡಲಾಗಿ ತಂದು ಫೋಕಸ್ ತಿರುಗಿಸಿದ. ಒಂದು ಸಲ ಮೇಲೆ, ಒಂದು ಸಲ ಕೆಳಗೆ. ದಪ್ಪ ಸೆಕ್ಷನ್‌ನಲ್ಲಿ ಫೋಕಸ್ ನಿಲ್ಲುವುದಿಲ್ಲ, ಒಂದು ಪದರ ಸ್ಪಷ್ಟವಾದರೆ ಇನ್ನೊಂದು ಮಸುಕಾಗುತ್ತದೆ. ನನ್ನ ಕಡೆಯ ಕಣ್ಣುಗಾಜಿನಲ್ಲಿ ನಾನೂ ಅದನ್ನೇ ನೋಡುತ್ತಿದ್ದೆ. ತಲೆ ಎತ್ತುವ ಧೈರ್ಯವಿರಲಿಲ್ಲ.

“ಇದು ದಪ್ಪ ಆಯ್ತಲ್ಲ,” ಎಂದ ಮೆಲ್ಲಗೆ. “ಐದಿರಬೇಕಾದ್ದು ಹನ್ನೆರಡು ಮೈಕ್ರಾನ್ ಆದ್ರೂ ಇದೆ. ಒರಟು ಅಳತೇಲೇ ಕುಯ್ದಿದಾರೆ.”

ಅವನು ಇನ್ನೊಮ್ಮೆ ಫೋಕಸ್ ತಿರುಗಿಸಿದ.

“ಪಾಪ, ಅಮ್ಮನ ಕೈ ನಡುಗಿರುತ್ತೆ. ನಂದು ಅಂತ ಗೊತ್ತಿತ್ತಲ್ಲ. ನಾನು ಅವರನ್ನ ಹಿಡಿದು ಕೂರಿಸಬಾರದಿತ್ತು, ನಂದೇ ತಪ್ಪು. ಎರಡು ವಾರಕ್ಕೆಲ್ಲ ಬರೋ ಕೆಲಸನಾ ಇದು?” ದನಿ ಇನ್ನೂ ತಗ್ಗಿಸಿದ. “ಅಕ್ಕ, ಅವರಿಗೆ ಇದನ್ನ ಹೇಳಬೇಡಿ. ಬಯ್ಯಲೂಬೇಡಿ. ಕೊರಗಿಬಿಡ್ತಾರೆ.”

ಅವನು ಕ್ಷಮಿಸುತ್ತಿದ್ದ, ಕ್ಷಮಿಸಬೇಕಾಗಿಲ್ಲದವರನ್ನು. ಒಂದು ನಿಮಿಷ ಸುಮ್ಮನಿದ್ದರೆ ಸಾಕಿತ್ತು, ಎಲ್ಲ ಆ ಮೆತ್ತನೆಯ ಹೆಂಗಸಿನ ತಲೆಗೆ ಕಟ್ಟಿ ಮುಗಿಯುತ್ತಿತ್ತು. ಅಷ್ಟು ಕೀಳಾಗಲು ಮಾತ್ರ ನನ್ನಿಂದ ಆಗಲಿಲ್ಲ. ಇದನ್ನು ಹೆಚ್ಚುಗಾರಿಕೆ ಎಂದು ಹೇಳುತ್ತಿಲ್ಲ.

“ಅವರಲ್ಲ. ನಾನು ಕುಯ್ದಿದ್ದು.”

ಅವನು ಕಣ್ಣು ಮೇಲೆತ್ತಿದ.

“ನೀವಾ?”

“ಅವರನ್ನ ಎಬ್ಬಿಸಿ ನಾನು ಕೂತೆ. ಗುಂಡಿ ಅಂತ ಅವರು ಹೇಳಕ್ಕೆ ಬಂದ್ರು. ಬಾಯಿ ಮುಚ್ಚಿಸಿದೆ.”

ಅವನು ಬಯ್ಯುತ್ತಾನೆ ಎಂದು ಕಾದೆ. ಎದ್ದು ಹೋಗುತ್ತಾನೆ ಎಂದು ಕಾದೆ. ಅವನು ಮತ್ತೆ ಮೈಕ್ರೋಸ್ಕೋಪಿಗೆ ಬಗ್ಗಿ, ಆ ಮಡಿಕೆಯನ್ನು, ಆ ಕಪ್ಪು ಬೀಜವನ್ನು ಇನ್ನೊಮ್ಮೆ ನೋಡಿದ. ನೋಡುತ್ತಲೇ ಕೇಳಿದ.

“ಚೂರು ಮುಗಿದುಹೋಗಿತ್ತಾ?”

“ಇಲ್ಲ. ಇನ್ನೂ ಇತ್ತು.”

“ಎಷ್ಟಿತ್ತು?”

“ಮುಕ್ಕಾಲು ಭಾಗ.”

ಅವನು ಕಣ್ಣುಗಾಜಿನಿಂದ ತಲೆ ಎತ್ತಿದ. ಮೇಜಿನ ಮೇಲಿದ್ದ ಅವನ ಬಲಗೈ ನಮ್ಮಿಬ್ಬರ ನಡುವೆ ಅಂಗಾತ ಬಿದ್ದಿತ್ತು. ಹೆಬ್ಬೆರಳ ಬುಡದ ಮಾಂಸ ಆಗಲೇ ಸೊರಗತೊಡಗಿತ್ತು.

“ಇನ್ನೊಂದು ಕುಯ್ಬಹುದಿತ್ತಲ್ಲ ಮೇಡಂ,” ಎಂದ.

ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ್ದನ್ನು ಕೇಳುವವನ ದನಿ ಅದು. ಯಾಕೆ ಕುಯ್ಯಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ರಕ್ತದಮ್ಮನ ಎದುರು ಸಣ್ಣವಳಾಗಬಾರದು ಎಂದು ನಿನ್ನ ಕೈ ಕೊಟ್ಟೆ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ಅವನು ಬಲಗೈಯನ್ನು ಎಡಗೈಯಿಂದ ಎತ್ತಿಕೊಂಡು ಎದ್ದ.

ನಾವಿಬ್ಬರೂ ಎದ್ದದ್ದು ನೋಡಿ ಹೆಂಡತಿಯೂ ಬೆಂಚಿನಿಂದ ಎದ್ದು ಬಂದಳು. ದೂರದಿಂದ ಅವಳಿಗೆ ಏನೂ ಕೇಳಿಸಿರಲಿಲ್ಲ.

“ಏನಂತೆ? ಸರಿಯಾಗಿದೆ ತಾನೆ?”

ಅವನು ನನ್ನ ಮುಖ ನೋಡಲಿಲ್ಲ.

“ಹ್ಞೂಂ. ಒಳ್ಳೇದೇ ಅಂತೆ,” ಎಂದ.

ಅವಳು ಫೈಲನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಸಿಯಾಗಿದ್ದವು ಅವಳ ಕೈಗಳು, ಸ್ವಲ್ಪ ಒದ್ದೆ ಕೂಡ.

“ಅಕ್ಕ, ನೀವು ಇಲ್ಲದಿದ್ರೆ ಏನಾಗ್ತಿತ್ತೋ. ಬೇರೆ ಯಾರ ಕೈಗಾದ್ರೂ ಸಿಕ್ಕಿದ್ರೆ ಇವರನ್ನ ಇಷ್ಟು ಹಚ್ಕೊಂಡು ನೋಡ್ತಿದ್ರಾ? ಈ ಋಣ ನಾವು ಹೇಗೆ ತೀರಿಸೋದು ಹೇಳಿ.”

ಅವನು ಎರಡು ಹೆಜ್ಜೆ ದೂರದಲ್ಲಿ ನಿಂತು ಅವಳು ಹಿಡಿದುಕೊಂಡಿದ್ದ ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಅವಳಿಗೆ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವಳು ತಾನಾಗಿ ಬಿಡುವ ತನಕ ಕೈಯನ್ನು ಅವಳ ಕೈಯಲ್ಲೇ ಬಿಟ್ಟು ನಿಂತೆ.